ಬಚ್ಚಲಿನ ಸೌಟು

ಮಹಡಿಯಲ್ಲಿ ಬಾಡಿಗೆಗಿದ್ದ ದರ್ಜಿ ಹೆಂಗಸು ಪೆನ್ನನ್ನು ಎಷ್ಟು ಒತ್ತಿ ಬರೆದಳೆಂದರೆ ಹಾಳೆ ಹರಿಯುವುದೊಂದು ಬಾಕಿ. ‘ಬಚ್ಚಲಿನ ನಲ್ಲಿ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಮೊನ್ನೆ ನಮ್ಮ ಅತ್ತೆ ಬಿದ್ದರು. ಇದು ಹನ್ನೊಂದನೆಯ ದೂರು.’

ಆ ದೂರು ಪುಸ್ತಕ ಮೆಟ್ಟಿಲ ಬುಡದಲ್ಲಿ ಮೊಳೆಗೆ ನೇತಾಡುತ್ತಿತ್ತು. ಹಿಂದಿನ ಹತ್ತು ದೂರುಗಳ ಕೆಳಗೂ ಮನೆ ಮಾಲೀಕರ ಮುದ್ದಾದ ಸಹಿ, ಪಕ್ಕದಲ್ಲಿ ‘ಗಮನಿಸಲಾಗಿದೆ’. ಮೂವತ್ತೆಂಟು ವರ್ಷ ಕಚೇರಿಯಲ್ಲಿ ಕಡತ ನೋಡಿ ನಿವೃತ್ತರಾದ ಮನುಷ್ಯ. ಬಾಯಲ್ಲಿ ಹೇಳಿದ್ದು ದೂರೇ ಅಲ್ಲ, ಬರೆದು ಸಹಿಯಾಯಿತೆಂದರೆ ಅರ್ಧ ಕೆಲಸ ಮುಗಿದಂತೆ ಎಂದು ಅವರ ನಂಬಿಕೆ. ಉಳಿದರ್ಧ ಮಾಡುವವರು ಯಾರೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಅವಳೇ ಎಲೆಕ್ಟ್ರಿಷಿಯನ್ ಕರೆಸಿ ತೋರಿಸಿದ್ದೂ ಆಗಿತ್ತು. “ಅರ್ಥ್ ವೈರೇ ಕಿತ್ತೋಗಿದೆ ಅಕ್ಕ. ಮೇನ್ ಬೋರ್ಡಲ್ಲಿ ಆಗ್ಬೇಕಾದ ಕೆಲ್ಸ. ಬೋರ್ಡು ಅವರ ಮನೇಲಿ, ಬೀಗ ಅವರ ಕೈಲಿ. ಮಾಡಿಸ್ಬೇಕಾದ್ದೂ ಅವರೇ,” ಎಂದು ಹೇಳಿ ಅವನು ಕೈ ಒರೆಸಿಕೊಂಡು ಹೋಗಿದ್ದ.

ಮಾಲೀಕರು ಕನ್ನಡಕ ಏರಿಸಿಕೊಂಡು ಹೊರಗೆ ಬಂದರು. “ಪುಸ್ತಕ ಕೊಡಿ, ಸಹಿ ಹಾಕ್ತೀನಿ.”

“ಸಹಿ ಬೇಡ ಸರ್. ಮೇಲೆ ಬನ್ನಿ.”

“ಸ್ಥಳ ಪರಿಶೀಲನೆ ಭಾನುವಾರ. ಅಲ್ದೆ ಕರಾರಲ್ಲಿ ಒಂಬತ್ತನೇ ಅಂಶ ಓದಿ. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು.”

“ಗೋಡೆ ಒಳಗಿನ ಕರೆಂಟು ಸಣ್ಣಪುಟ್ಟದಾ? ನಮ್ಮತ್ತೆ ಭಾನುವಾರದ ತನಕ ಉಳೀಬೇಕಲ್ಲ! ಕರೆಂಟಿಗೆ ನಿಮ್ಮ ಸಹಿ ಓದೋಕೆ ಬರಲ್ಲ. ಬಾಡಿಗೆಗೆ ಮನೆ ಕೊಟ್ಟಿದ್ದೀರೋ, ಯಮನ ಮನೆಗೆ ದಾರಿ ಕೊಟ್ಟಿದ್ದೀರೋ?”

ಎದುರು ಮನೆಯ ಕಿಟಕಿ ತೆರೆಯಿತು. ಮರ್ಯಾದೆಗೆ ಅಂಜಿಯೋ ಏನೋ, ಅವರು ಗೊಣಗುತ್ತ ಮೆಟ್ಟಿಲು ಹತ್ತಿದರು. ಅವಳಿಗೆ ಸಮಾಧಾನವೇನೂ ಆಗಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿ ಬಾರಿಸಿ ಕೈ ಸೋತಿತ್ತು.

ಬಚ್ಚಲಲ್ಲಿ ನೆಲದ ಮೇಲೊಂದು ಮರದ ಹಲಗೆ, ಹಲಗೆಯ ಮೇಲೆ ರಬ್ಬರ್ ಚಪ್ಪಲಿ, ಗೋಡೆಯ ಮೊಳೆಗೆ ಉದ್ದ ಹಿಡಿಯ ಮರದ ಸೌಟು. ಮಾಲೀಕರು ಗೋಡೆಯನ್ನು ಬೆರಳಿನಿಂದ ತಟ್ಟಿದರು. ಸುಣ್ಣ ಮೆತ್ತಿಕೊಂಡಿತು. ತೊಳೆಯಲೆಂದು ಅಭ್ಯಾಸಬಲದಿಂದ ನಲ್ಲಿಗೆ ಕೈ ನೀಡಿದರು.

“ಅಯ್ಯೋ, ಬರಿಗೈ ಹಾಕ್ಬೇಡಪ್ಪ!” ಅತ್ತೆ ಓಡಿಬಂದು ಅವರ ಮೊಣಕೈ ಹಿಡಿದೆಳೆದರು. “ಮೊದ್ಲು ಚಪ್ಪಲಿ ಮೆಟ್ಟಿ ಹಲಗೆ ಮೇಲೆ ನಿಂತ್ಕೋ. ಆಮೇಲೆ ಇದ್ರಲ್ಲಿ ಮೆಲ್ಲಗೆ ತಿರುಗ್ಸು. ಅಭ್ಯಾಸ ಆಗುತ್ತೆ. ನಿಂಗೂ ಹೆಂಡ್ತಿ ಮಕ್ಕಳಿದ್ದಾರೆ.”

ಸೌಟನ್ನು ಅವರ ಕೈಗೆ ಕೊಟ್ಟರು. ದನಿಯಲ್ಲಿ ದೂರಿನ ಸುಳಿವೇ ಇರಲಿಲ್ಲ, ಮನೆಗೆ ಬಂದ ನೆಂಟರಿಗೆ ಹೇಳಿಕೊಡುವಂತಿತ್ತು. ದರ್ಜಿ ಹೆಂಗಸಿಗೆ ಅತ್ತೆಯ ಮೇಲೆಯೇ ರೇಗಿತು, ಸಾವಿನ ಜೊತೆ ಇಷ್ಟು ಚೆನ್ನಾಗಿ ಹೊಂದಿಕೊಂಡಿದ್ದಕ್ಕೆ.

ಮಾಲೀಕರು ನಲ್ಲಿಯನ್ನೇ ನೋಡುತ್ತ ನಿಂತರು. ಸುಣ್ಣದ ಬೆರಳುಗಳನ್ನು ಮಡಚಿದರು. ಮೆಟ್ಟಿಲಿಳಿದು ಹೋದರು.

ಇನ್ನೊಂದು ‘ಗಮನಿಸಲಾಗಿದೆ’, ಅಷ್ಟೇ ಎಂದುಕೊಂಡು ಅವಳು ಹೊಲಿಗೆ ಯಂತ್ರದ ಮುಂದೆ ಕೂತಳು. ಸೂಜಿಯ ಮೇಲಿನ ದೀಪ ಆರಿತು. ಫ್ಯಾನು ನಿಧಾನವಾಗಿ ನಿಂತಿತು. ಕೆಳಗಿನ ಮನೆಯ ಟಿವಿಯೂ ಅರ್ಧ ಮಾತಿಗೆ ಬಾಯಿ ಮುಚ್ಚಿತು.

ಅವಳು ಮೆಟ್ಟಿಲಿಳಿದು ಬಗ್ಗಿ ನೋಡಿದಳು. ಮೊಳೆಯ ಮೇಲಿನ ಪುಸ್ತಕದಲ್ಲಿ ಹನ್ನೊಂದನೆಯ ದೂರಿನ ಕೆಳಗೆ ಜಾಗ ಖಾಲಿಯಿತ್ತು. ಒಳಗೆ, ಬೀಗ ತೆಗೆದು ಮೇನ್ ಸ್ವಿಚ್ಚು ಇಳಿಸಿದ ಬೋರ್ಡಿನ ಮುಂದೆ ಮಾಲೀಕರು ಫೋನು ಹಿಡಿದು ನಿಂತಿದ್ದರು.

“ನಾಳೆ ಅಲ್ಲ, ಈಗ್ಲೇ ಬನ್ನಿ,” ಎನ್ನುತ್ತಿದ್ದರು. ಇನ್ನೊಂದು ಕೈಯಲ್ಲಿ ಸೌಟು ಹಾಗೇ ಇತ್ತು.