ರೋದಿಕಾಳಿಗೆ ಗರಾಜಿನಲ್ಲಿ ಊಟ

ನನ್ನ ಅತ್ತೆ ರೇಣುಕಾದೇವಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ, ಅವರನ್ನು ನೋಡಿಕೊಳ್ಳಲು ಅಮೆರಿಕದ ಶ್ಯಾಂಟಿಲಿಯ ನಮ್ಮ ಮನೆಗೆ ರೋದಿಕಾ ಬರತೊಡಗಿದಳು. ರೊಮೇನಿಯಾದವಳು, ವಯಸ್ಸು ಐವತ್ತು ದಾಟಿತ್ತು. ಹಳ್ಳಿಯಲ್ಲಿ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಪಕ್ಕದ ಹಂಗೇರಿಯಲ್ಲಿ ಹನ್ನೊಂದು ವರ್ಷ ಮುದುಕರ ಚಾಕರಿ ಮಾಡಿದ್ದಳು. ಕೋವಿಡ್ ಕಾಲದಲ್ಲಿ ತಾಯಿ ತೀರಿಕೊಂಡಾಗ ಗಡಿ ದಾಟಿ ಹೋಗಲಾಗಿರಲಿಲ್ಲ. ಆಮೇಲೆ ಇಲ್ಲಿ ನೆಲೆಸಿದ್ದ ಅಕ್ಕನ ಬಳಿಗೆ ಬಂದಳು.

ಅತ್ತೆಯ ಸ್ನಾನ, ಬಟ್ಟೆ, ಬೆಡ್‌ಪ್ಯಾನ್ ಎಲ್ಲವೂ ಅವಳ ಕೈಯಲ್ಲೇ. ಆದರೆ ಅಡುಗೆಮನೆಗೆ ಅವಳು ಕಾಲಿಡುವಂತಿರಲಿಲ್ಲ. ಕಾಗದದ ತಟ್ಟೆಯ ಅನ್ನವನ್ನು ಗರಾಜಿನಲ್ಲಿ, ಕಾರಿನ ಪಕ್ಕ ಸ್ಟೂಲಿನ ಮೇಲೆ ಕೂತು, ಚಳಿಗೆ ಕೋಟು ತೊಟ್ಟುಕೊಂಡೇ ತಿನ್ನುತ್ತಿದ್ದಳು. ಹಾಕಿಕೊಡುತ್ತಿದ್ದವಳು ನಾನೇ.

“ನಿಮ್ಮ ಮೈ ತೊಳಿಯೋಕೆ ಆಗೋಳು, ಟೇಬಲ್ ಹತ್ರ ಕೂತ್ಕೊಳ್ಳೋಕೆ ಯಾಕೆ ಆಗಲ್ಲ ಅತ್ತೆ?” ಎಂದು ಒಮ್ಮೆ ಕೇಳಿದೆ.

“ಮೈ ತೊಳ್ಕೊಂಡ್ರೆ ಹೋಗುತ್ತೆ. ಮಡಿ ಹಾಗಲ್ಲಮ್ಮ. ದನ ತಿನ್ನೋಳು ಅವಳು.”

ಗಂಡ ಮುರಳೀಧರ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. “ಅಮ್ಮನ್ನ ಯಾಕೆ ಅಪ್‌ಸೆಟ್ ಮಾಡ್ತೀಯ? ಟೆಂಪರರಿ ತಾನೆ.”

ನಾನು ಕಾಗದದ ತಟ್ಟೆಗೆ ಅನ್ನ ಬಡಿಸಿ ಗರಾಜಿಗೆ ಒಯ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಮಹಡಿಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದವಳು ಅತ್ತೆಯ ಕಿರುಚಾಟ ಕೇಳಿ ಕೆಳಗೆ ಓಡಿದೆ. ಏಕಾದಶಿಯೆಂದು ಉಪವಾಸವಿದ್ದು, ಇನ್ಸುಲಿನ್ ಮಾತ್ರ ತಾವೇ ಚುಚ್ಚಿಕೊಂಡಿದ್ದರು. ಸಕ್ಕರೆ ಇಳಿದು ಮೈ ಬೆವತು ನಡುಗುತ್ತಿತ್ತು. ರೋದಿಕಾ ಅಡುಗೆಮನೆಗೆ ನುಗ್ಗಿ ಸಕ್ಕರೆ ನೀರು ಕಲಸಿ ತಂದಿದ್ದಳು. ಅತ್ತೆ ಹಲ್ಲು ಕಚ್ಚಿದರು, ಉಗುಳಿದರು. ಅವಳು ತನ್ನ ಮುಖ ಒರೆಸಿಕೊಂಡು ಮತ್ತೆ ಚಮಚ ಹಿಡಿದಳು. ಇಪ್ಪತ್ತು ನಿಮಿಷದಲ್ಲಿ ನಡುಕ ನಿಂತಿತು.

ಚೇತರಿಸಿಕೊಂಡ ಅತ್ತೆ ಆಡಿದ ಮೊದಲ ಮಾತು: “ಅವಳು ಒಳಗೆ ಹೋಗಿದ್ಲು. ಎಲ್ಲಾ ತೊಳಿ. ಸಕ್ಕರೆ ಡಬ್ಬಿ ಬಿಸಾಕು.”

“ಏನಂತಾರೆ?” ರೋದಿಕಾ ಇಂಗ್ಲಿಷಿನಲ್ಲಿ ಕೇಳಿದಳು.

“ಥ್ಯಾಂಕ್ಸ್ ಹೇಳ್ತಿದ್ದಾರೆ” ಎಂದೆ.

ಅವಳು ನನ್ನನ್ನೇ ನೋಡಿದಳು. “ಹಂಗೇರಿಯಲ್ಲಿ ಭಾಷೆ ಬರುವ ಮೊದಲೇ ನಾನು ಮುಖ ಓದುವುದನ್ನು ಕಲಿತೆ, ನಮ್ರತಾ. ಅಲ್ಲೂ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ‘ಆ ರೊಮೇನಿಯಾದವಳು’, ಅಷ್ಟೇ. ಆದರೆ ಊಟಕ್ಕೆ ಮೇಜಿಗೆ ಕರೆಯುತ್ತಿದ್ದರು. ನಾಳೆಯಿಂದ ನಾನು ಬರುವುದಿಲ್ಲ.”

ಅತ್ತೆಯ ಹೊದಿಕೆ ಸರಿಮಾಡಿ, ಗಂಟೆಗೊಮ್ಮೆ ಸಕ್ಕರೆ ಪರೀಕ್ಷಿಸಬೇಕೆಂದು ನನಗೆ ತಿಳಿಸಿ, ಮುಂಬಾಗಿಲಿನಿಂದ ಹೊರಟುಹೋದಳು.

ಸಂಜೆ ಮುರಳೀಧರ ಬಕೆಟ್ ತಂದಿಟ್ಟ. “ಅಮ್ಮನ ಸಮಾಧಾನಕ್ಕೆ ಒಂದ್ಸಲ ಕ್ಲೀನ್ ಮಾಡ್ಬಿಡು. ಬಿಗ್ ಡೀಲ್ ಏನಲ್ಲ.”

“ಮಾಡಲ್ಲ ಮುರಳಿ. ಇನ್ಮೇಲೆ ಈ ಮನೇಲಿ ಯಾರಿಗೂ ಗರಾಜಲ್ಲಿ ಊಟ ಕೊಡೋದೂ ಇಲ್ಲ.”

ಅವನೇ ತೊಳೆದ. ಅಂದಿನಿಂದ ಅತ್ತೆ ನಾನು ಮಾಡಿದ್ದನ್ನು ಮುಟ್ಟುವುದಿಲ್ಲ. ಅವರ ಅನ್ನ ಸಾರು ಮಗನೇ ಮಾಡಬೇಕು. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವೆಂದರೆ, ಗರಾಜಿನಲ್ಲಿ ಊಟ ಕೊಡುವುದಿಲ್ಲವೆಂಬ ಆ ಒಂದು ಮಾತನ್ನು ರೋದಿಕಾ ಇದ್ದಾಗ, ಅವಳ ಎದುರಿಗೆ ಆಡುವ ಧೈರ್ಯ ನನಗೆ ಬರಲಿಲ್ಲ. ಹಾಗೆ ಬಾಯಿ ಮುಚ್ಚಿಕೊಂಡು ತಟ್ಟೆ ಹಾಕಿಕೊಡುವವಳು ನಮ್ಮಲ್ಲಿ ನಾನೊಬ್ಬಳೇ ಅಲ್ಲವೆಂದು ಬಲ್ಲೆ. ಅದಕ್ಕೇ ಇದನ್ನು ಬರೆದೆ.