‘ಸಾರಿ’ಗೆ ಕೊಟ್ಟ ಉದಾಹರಣೆ

ಫ್ಯಾನು ಮತ್ತೆ ಕಿರುಗುಟ್ಟಿತು, ಪ್ರೂಫಿನ ಹಾಳೆ ಎದ್ದು ಬಿತ್ತು, ನಿಘಂಟಿನ ಎರಡನೇ ಮುದ್ರಣ ನಾಲ್ಕು ಗಂಟೆಗೆ ಅಚ್ಚಿಗೆ ಹೋಗಬೇಕು, ಇನ್ನಿಪ್ಪತ್ತು ನಿಮಿಷ, ಇವಳ ಕೆಂಪು ಪೆನ್ನು ಮಾತ್ರ ‘ಸಾರಿ’ ಎಂಬ ಪದ ಬಿಟ್ಟು ಕದಲುತ್ತಿಲ್ಲ — ಹಳೆಯ ಇಂಗ್ಲಿಷಿನಲ್ಲಿ ಹುಣ್ಣು, ನೋವು ಎನ್ನುವ ಮಾತಿನಿಂದ ಹುಟ್ಟಿದ್ದು, ಅರ್ಥ ಒಂದು, ನೊಂದ, ಎರಡು, ಕ್ಷಮೆ ಕೇಳುವ ಮಾತು, ಮೂರು, ಕೇಳಿಸಲಿಲ್ಲ ಇನ್ನೊಮ್ಮೆ ಹೇಳಿ, ಬಸ್ಸಿನಲ್ಲಿ ಕಾಲು ತುಳಿದರೂ ಅದೇ, ಸಾವಿನ ಮನೆಯಲ್ಲೂ ಅದೇ, ಸರಿ, ಇದೆಲ್ಲ ಸರಿ, ಉದಾಹರಣೆ? ಬಂದೋರೆಲ್ಲ ಸಾರಿ ಅಂದ್ರು, ಒಬ್ರೂ ಕೂತ್ಕೊಳ್ಳಲಿಲ್ಲ. ತಂಗಿಯ ಮಾತು, ಎರಡೇ ದಿನ ಬದುಕಿದ ಕೂಸನ್ನು ಮಣ್ಣು ಮಾಡಿದ ಸಂಜೆ ಆಸ್ಪತ್ರೆಯ ಮಂಚದ ಮೇಲೆ ಆಡಿದ್ದು, ಇವಳು ಚೀಟಿ ತೆಗೆದು ದಿನಾಂಕ ಸಮೇತ ಬರೆದುಕೊಂಡಳು, ನಿಘಂಟಿನವರ ಚಾಳಿ, ಅಯ್ಯೋ, ಸುಡಲಿ ಈ ಚಾಳಿ! ಮೊದಲ ಮುದ್ರಣದಲ್ಲಿ ಬಂತು, ತಂಗಿ ಪಾಠ ಹೇಳುವ ಶಾಲೆಗೂ ಹೋಯಿತು, ನನ್ನ ಕೂಸಿನ ಸಾವು ನಿನಗೆ ಉದಾಹರಣೆನಾ ಅಕ್ಕಾ, ಅಷ್ಟೇ, ಅಂದು ಫೋನಿಟ್ಟವಳು ಆರು ವರ್ಷ ಮಾತಾಡಿಲ್ಲ. ನಿನ್ನೆ ಅಮ್ಮ, ಆ ಸಾಲು ತೆಗೆದ್ರೆ ಮಾತಾಡ್ತೀನಿ ಅಂದಿದಾಳೆ ಕಣೆ, ನಿಮ್ಮಿಬ್ರ ಮಧ್ಯೆ ನಾನು ಅಡಕತ್ತರಿಗೆ ಸಿಕ್ಕ ಅಡಿಕೆ ಆಗಿದೀನಿ.

ತೆಗಿಯೋದಾ, ಸಂಪಾದಕರು ಕನ್ನಡಕ ಮೇಲೆತ್ತಿ, ಯಾಕಮ್ಮ, ಇಡೀ ಪುಟಕ್ಕೆ ಜೀವ ಇರೋದೇ ಅದೊಂದು ಸಾಲಲ್ಲಿ — ಅದೇ ಸಂಕಟ, ಇವಳಿಗೂ ಅದರ ಮೇಲೆ ಮೋಹ, ನಾಚಿಕೆಗೆಟ್ಟ ಮೋಹ, ಇಷ್ಟು ವರ್ಷದಲ್ಲಿ ಇವಳು ಹೆಕ್ಕಿದ ಸಾವಿರ ಚೀಟಿಗಳಲ್ಲಿ ಅಂಥದ್ದು ಇನ್ನೊಂದಿಲ್ಲ, ಆದರೂ ಗೆರೆ ಎಳೆದೇ ಬಿಟ್ಟಳು, ಉದ್ದಕ್ಕೆ, ಕೆಂಪಗೆ, ಬದಲಿಗೆ ‘ಸಾರಿ, ತಡವಾಯಿತು’ ಎಂದು ಬರೆದಳು, ಸಪ್ಪೆ, ಇರಲಿ ಸಪ್ಪೆ, ಫೋನು ಎತ್ತಿಕೊಂಡಳು, ರಿಂಗಾಗುತ್ತಿದೆ, ತೆಗೆದೆ ಕಣೆ ಅನ್ನಬೇಕು, ಆವತ್ತು ನಿನ್ನ ಜೊತೆ ಕೊನೇವರೆಗೂ ಇದ್ದವಳು ನಾನೊಬ್ಬಳೇ ಅಲ್ವಾ ಅನ್ನಬೇಕು, ಬಂದು ಹೋದವರ ಲೆಕ್ಕಕ್ಕೆ ನನ್ನನ್ನು ಸೇರಿಸಬೇಡ, ನಾನು ಅಲ್ಲೇ ಇದ್ದೆ, ಮಂಚದ ಪಕ್ಕ ಒಂದು ಬಿಳಿ ಸ್ಟೂಲು, ಅದ್ಯಾಕೆ ಈಗ ನೆನಪು, ಇದ್ದೆನಲ್ಲ, ಸಂಜೆಯಿಡೀ, ಎಲ್ಲಿ, ಕಿಟಕಿಯ ಹತ್ತಿರ, ಬರೆಯುವುದಕ್ಕೆ ಬೆಳಕು ಅಲ್ಲಿತ್ತು, ನಿಂತುಕೊಂಡೇ ಬರೆದೆ, ತಂಗಿ ಆ ಮಾತು ಆಡಿದ್ದು ಯಾರನ್ನು ನೋಡಿ, ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ — ಹಲೋ, ಅಕ್ಕಾ? ತಂಗಿಯ ದನಿ, ಅಕ್ಕಾ, ಹೇಳು — ಮಂಚದ ಪಕ್ಕ ಬಿಳಿ ಸ್ಟೂಲು, ಖಾಲಿ.