ಹಿಂದಿನ ಸೀಟಿನ ಮರ್ಯಾದೆ

ಲಹ್ಸೆನ್‌ನ ಹಳೇ ಟ್ಯಾಕ್ಸಿ ಬೆಟ್ಟದೂರು ಅಜ್ರೂ ಸುತ್ತಿನ ಹಿಮದಲ್ಲಿ ಹದಿನಾಲ್ಕು ಚಳಿಗಾಲ ಓಡಿತ್ತು, ಒಂದು ದಿನವೂ ಅವನ ಮರ್ಯಾದೆ ಕಳೆದಿರಲಿಲ್ಲ. ಕಳೆಯುವುದಕ್ಕೆ ಅದು, ಅವನು ಹೆಣ್ಣು ಕೇಳಲು ಹೊರಟ ದಿನವನ್ನೇ ಆರಿಸಿಕೊಂಡಿತು.

ಹುಡುಗಿ ತೂದಾ, ತಿಮಹ್ದೀತ್‌ನ ಮೇಲಿನ ಕೇರಿಯ ಬೆನಾಸರ್‌ನ ಕಿರಿಮಗಳು. ಅವಳಿಗೆ ಲಹ್ಸೆನ್ ಒಪ್ಪಿಗೆ, ಲಹ್ಸೆನ್‌ಗಂತೂ ಅವಳೆಂದರೆ ಪ್ರಾಣ. ತಕರಾರೆಲ್ಲ ಅಪ್ಪನದು. ಹಿರಿಮಗಳನ್ನು ಬೆಟ್ಟದಾಚೆ ಕೊಟ್ಟು, ಹಿಮಕ್ಕೆ ದಾರಿ ಮುಚ್ಚಿ ಮೂರು ಚಳಿಗಾಲ ಅವಳ ಮುಖ ಕಾಣದೆ ಕೊರಗಿದವನು ಅವನು. ಅದಕ್ಕೇ ಹೇಳಿಕಳಿಸಿದ್ದ: "ಬೇಸಿಗೇಲಿ ಕತ್ತೇನೂ ಹತ್ತುತ್ತೆ. ಹಿಮ ಬಿದ್ದಾಗ ನಿನ್ನ ಕಾರು ನನ್ನ ಬಾಗಿಲಿಗೆ ಬರ್ಲಿ, ಆಮೇಲೆ ಮಾತು."

ಹಿಮ ಬಿತ್ತು. ಲಹ್ಸೆನ್ ಬೆಳಿಗ್ಗೆಯೇ ಕಾರು ತೊಳೆದು, ಡಿಕ್ಕಿಯ ಹಳೇ ಸಾಮಾನನ್ನೆಲ್ಲ ಇಳಿಸಿದ. ಹಿರಿಯರಿಗೆ ಮುಂದಿನ ಸೀಟೇ ಗೌರವ ಎಂದು ಅಮ್ಮ ಫಾದ್ಮಾಳನ್ನೂ ಸೋದರಮಾವ ಹಾಜಿ ಮೈಮೂನ್‌ನನ್ನೂ ತನ್ನ ಪಕ್ಕದಲ್ಲೇ ಕೂರಿಸಿದ. ಹಾಜಿ ಒಬ್ಬನೇ ಇಬ್ಬರ ತೂಕ. ಹೆಣ್ಣಿನ ಮನೆಗೆ ಒಯ್ಯುವ ಸಕ್ಕರೆ ಗಟ್ಟಿಗಳು ನೀಲಿ ಕಾಗದ ಸುತ್ತಿಕೊಂಡು ಅಮ್ಮನ ಮಡಿಲಲ್ಲಿದ್ದವು.

ಅಲ್ಲ, ಹದಿನಾಲ್ಕು ವರ್ಷ ಓಡಿಸಿದವನಿಗೆ ಇಷ್ಟು ತಿಳಿಯಬೇಡವೇ? ಆ ಕಾರನ್ನು ತಳ್ಳುವುದು ಹಿಂದಿನ ಚಕ್ರಗಳು. ದಿನಾ ಹಿಂದೆ ನಾಲ್ಕು ಜನ ಒತ್ತರಿಸಿಕೊಂಡು ಕೂತು ಅವನ್ನು ನೆಲಕ್ಕೆ ಒತ್ತಿ ಹಿಡಿಯುತ್ತಿದ್ದರು. ಇವತ್ತು ಭಾರವೆಲ್ಲ ಮುಂದೆ, ಹಿಂದೆ ಬರೀ ಗಾಳಿ.

ಬೆನಾಸರ್‌ನ ಮನೆಯ ಏರು ಅರ್ಧವಾಗುವಷ್ಟರಲ್ಲಿ ಚಕ್ರಗಳು ಗಿರ್ರನೆ ತಿರುಗಿದವು. ಕಾರಿನ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿ, ಇಡೀ ಕಾರು ಮೆಲ್ಲಗೆ ಜಾರಿ ಬುಡಕ್ಕೆ ಬಂತು. ಎರಡನೇ ಸಲವೂ ಅದೇ ಕಥೆ. ಮೇಲೆ ಮಾಳಿಗೆಗಳಲ್ಲಿ ಜನ ಚಹಾ ಹಿಡಿದುಕೊಂಡೇ ನೋಡತೊಡಗಿದರು.

"ಮಾವ, ಸ್ವಲ್ಪ ಹಿಂದೆ ಹೋಗಿ ಕೂತ್ಕೋತೀರಾ?"

"ನಾನಾ? ಹೆಣ್ಣು ಕೇಳೋಕೆ ಬಂದೋನು ಹಿಂದಿಂದ ಇಳಿದ್ರೆ ಕುರಿ ಮಾರೋಕೆ ಬಂದಿದಾನೆ ಅನ್ಕೋತಾರೆ ಕಣೋ."

"ಹಿಂದಿನ ಸೀಟೂ ಸಾಲ್ದು ಮಾವ. ಡಿಕ್ಕೀಲಿ ಕೂತ್ರೆ ವಾಸಿ."

ಹಾಜಿಯ ಮುಖ ಕೆಂಪಾಯಿತು. ಅಮ್ಮ ಮಾತ್ರ ನಗು ತಡೆಯಲಾರದೆ ಹೇಳಿದಳು, "ಏಳಣ್ಣ. ನೀನು ಉಂಡಿದ್ದು ಇವತ್ತಾದ್ರೂ ಉಪಯೋಗಕ್ಕೆ ಬರ್ಲಿ."

ಬಿಳಿ ನಿಲುವಂಗಿ ಎತ್ತಿ ಕಟ್ಟಿಕೊಂಡು, ಸೋದರಳಿಯನ ಏಳು ತಲೆಮಾರಿಗೂ ಬೈಯುತ್ತ ಹಾಜಿ ಡಿಕ್ಕಿ ಹತ್ತಿದ. ಅಮ್ಮ ಸಕ್ಕರೆಯ ಸಮೇತ ಹಿಂದಿನ ಸೀಟಿಗೆ ಹೋದಳು. ಈ ಸಲ ಕಾರು ಅರ್ಧ ದಾಟಿತು, ಮುಕ್ಕಾಲು ದಾಟಿತು. ಕೊನೆಯ ತಿರುವಿನಲ್ಲಿ ಮತ್ತೆ ಗಿರ್ರ್. ಲಹ್ಸೆನ್ ಹ್ಯಾಂಡ್‌ಬ್ರೇಕ್ ಎಳೆದು ಕೂತುಬಿಟ್ಟ. ಬಾಗಿಲು ಕಣ್ಣಿಗೆ ಕಾಣುತ್ತಿತ್ತು, ತೂದಾ ಅಲ್ಲೇ ನಿಂತಿದ್ದಳು. ಅವನಿಗೆ ಅಳುವೇ ಬಂತು.

ಅಷ್ಟರಲ್ಲಿ ಬೆನಾಸರ್ ಹೆಗಲ ಮೇಲೆ ಬಾರ್ಲಿ ಮೂಟೆ ಹೊತ್ತು ಇಳಿದು ಬಂದ. ವಾಪಸ್ ಕಳಿಸುವುದಕ್ಕೇ ಬಂದ ಎಂದುಕೊಂಡ ಲಹ್ಸೆನ್. ಬೆನಾಸರ್ ಮೂಟೆಯನ್ನು ಡಿಕ್ಕಿಗೆ ದಬ್ಬಿದ.

"ಸರ್ಕೋ ಹಾಜಿ. ಎಷ್ಟು ಜಾಗ ಹಿಡೀತೀಯ," ಎನ್ನುತ್ತ ತಾನೂ ಹತ್ತಿದ.

"ಷರತ್ತು ಹಾಕಿದೋನೇ ಹತ್ಕೊಂಡ್ರೆ ಹೇಗಪ್ಪಾ?" ಎಂದ ಹಾಜಿ.

"ಕಾರು ಬರ್ಬೇಕು ಅಂದಿದ್ದೆ. ಒಳಗೆ ನಾನು ಇರ್ಬಾರ್ದು ಅಂದಿದ್ನಾ? ಲೋ ಹುಡುಗ, ಎರಡನೇ ಗೇರು ಹಾಕು. ಎಕ್ಸಲೇಟರ್ ಮೆಲ್ಲಗೆ ತುಳಿ."

ಕಾರು ಮಿಸುಕಿತು. ಚಕ್ರ ಹಿಮವನ್ನು ಕಚ್ಚಿ ಹಿಡಿಯಿತು. ಸದ್ದಿಲ್ಲದೆ, ಹೆಜ್ಜೆ ಹೆಜ್ಜೆಯಾಗಿ ಹತ್ತಿ ಬಾಗಿಲ ಮುಂದೆ ನಿಂತಾಗ ಮಾಳಿಗೆಯ ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಹರ್ಷದ ಕೂಗು ಹಾಕಿದರು.

ಹಾಜಿ ಡಿಕ್ಕಿಯಲ್ಲೇ ಕೂತು ಗಂಟಲು ಸರಿಮಾಡಿಕೊಂಡು ಹೆಣ್ಣು ಕೇಳುವ ಮಾತು ಶುರುಮಾಡಿದ. ಬೆನಾಸರ್ ತಡೆದ. "ಕೊಟ್ಟೆ ಅಂದ್ಕೋ. ಒಳಗೆ ನಡಿ, ಚಹಾ ಆರುತ್ತೆ."

ಆಮೇಲೆ ಲಹ್ಸೆನ್‌ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಹಿಮ ಬಿದ್ದಾಗ ಅವಳನ್ನ ಕರ್ಕೊಂಡು ಏರಿನ ಬುಡದ ತನಕ ಬಂದ್ಬಿಡು, ಸಾಕು. ಅಲ್ಲಿಂದ ಹಾರ್ನ್ ಹೊಡಿ. ಭಾರಕ್ಕೆ ನಾನು ಇಳಿದು ಬರ್ತೀನಿ."